ಹೊಲದ ಮಾತು, ಕಚೇರಿಯ ಮಾತು

ಅರಬ್ಬಿಯಲ್ಲಿ ‘ಫಲಹ’ ಎಂದರೆ ಸೀಳುವುದು, ನೆಲ ಉಳುವುದು. ಉಳುವವನು ‘ಫಲ್ಲಾಹ್’, ಬೇಸಾಯ ‘ಫಿಲಾಹ’. ಆಜಾನಿನಲ್ಲಿ ಕೇಳಿಬರುವ ‘ಫಲಾಹ್’, ಅಂದರೆ ಏಳಿಗೆ, ಇದೇ ಧಾತುವಿನದು. ಪಹಣಿ ಬರೆಯುತ್ತಲೇ ನೌಕರಿ ಮುಗಿಸಿದ ನನಗೆ ಉಳುಮೆಗೂ ಏಳಿಗೆಗೂ ಇರುವ ಈ ನಂಟು ಬಹಳ ದೊಡ್ಡದೆನಿಸುತ್ತದೆ.

ಬೇಸಾಯದ ವಿದ್ಯೆಯನ್ನು ಶ್ರದ್ಧೆಯಿಂದ ಬರೆದಿಟ್ಟವರು ಸ್ಪೇನಿನ ಅರಬ್ಬಿ ಲೇಖಕರು. 11ನೇ ಶತಮಾನದಲ್ಲಿ ಟೊಲೆಡೊದ ಇಬ್ನ್ ಬಸ್ಸಾಲ್ ಮಣ್ಣನ್ನು ಹತ್ತು ಬಗೆಯಾಗಿ ವಿಂಗಡಿಸಿದ. 12ನೇ ಶತಮಾನದ ಕೊನೆಗೆ ಸೆವಿಲ್‌ನ ಇಬ್ನ್ ಅಲ್-ಅವ್ವಾಮ್ ‘ಕಿತಾಬ್ ಅಲ್-ಫಿಲಾಹ’ ಬರೆದ. ಹಿಂದಿನವರ ಮಾತುಗಳ ಜೊತೆಗೆ, ಅಶ್ಶರಫ್ ಗುಡ್ಡದಲ್ಲಿ ತಾನೇ ಬೆಳೆಸಿ ನೋಡಿದ್ದನ್ನೂ ಸೇರಿಸಿದ. 1802ರಲ್ಲಿ ಆ ಗ್ರಂಥ ಸ್ಪ್ಯಾನಿಷ್ ಅನುವಾದದೊಡನೆ ಮ್ಯಾಡ್ರಿಡ್‌ನಲ್ಲಿ ಅಚ್ಚಾಯಿತು.

ಮುಸ್ಲಿಮರ ಆಳ್ವಿಕೆಯಲ್ಲಿದ್ದ ಸ್ಪೇನಿನ ವೇಲೆನ್ಸಿಯಾ 1238ರಲ್ಲಿ ಕ್ರೈಸ್ತ ದೊರೆಯ ಕೈಸೇರಿತು. 1609ರಲ್ಲಿ ಅಲ್ಲಿನ ಮುಸ್ಲಿಮರ ವಂಶಜರನ್ನೂ ದೇಶದಿಂದ ಹೊರಹಾಕಿದರು. ಆದರೆ ಅವರ ಹೊಲಗಳ ಕಾಲುವೆಗಳು ಉಳಿದವು, ಅವುಗಳ ಜೊತೆ ಹೆಸರುಗಳೂ ಉಳಿದವು. ಕಾಲುವೆಗೆ ‘ಅಸೇಕಿಯಾ’, ಅಡ್ಡಗಟ್ಟೆಗೆ ‘ಅಸುದ್’, ನೀರೆತ್ತುವ ಗಾಲಿಗೆ ‘ನೋರಿಯಾ’: ಎಲ್ಲವೂ ಅರಬ್ಬಿ ಮೂಲದವು. ಇಂದಿಗೂ ಗುರುವಾರ ಮಧ್ಯಾಹ್ನ ಅಲ್ಲಿನ ಕೆಥೆಡ್ರಲ್ ಬಾಗಿಲಲ್ಲಿ ನೀರಿನ ನ್ಯಾಯಕಟ್ಟೆ ಸೇರುತ್ತದೆ. ರೈತರೇ ಆರಿಸಿದ ಪಂಚರು ಕೂತು, ನೀರಿನ ಪಾಲಿನ ತಕರಾರನ್ನು ಬಾಯಿಮಾತಿನಲ್ಲೇ ಕೇಳಿ ಅಲ್ಲೇ ತೀರ್ಪು ಹೇಳುತ್ತಾರೆ. ನೀರು ಹಂಚಿಕೊಳ್ಳುವವರಿಗೆ ಬೇಕಾದ ಮಾತನ್ನು ಯಾವ ದೊರೆಯ ಅಪ್ಪಣೆಯೂ ಅಳಿಸಲಾರದು.

ನಮ್ಮಲ್ಲಿ ಅರಬ್ಬಿ ಬೇರೆ ದಾರಿಯಿಂದ ಬಂತು. ಬಹಮನಿ, ಆದಿಲ್‌ಶಾಹಿ, ನಿಜಾಮರ ದಫ್ತರುಗಳಿಂದ, ಪಾರಸಿಯ ಮೂಲಕ. ಹೀಗಾಗಿ ಫಸಲು, ಮಹಸೂಲು, ಬಾಕಿ, ವಸೂಲಿ, ಖರಾಬು ನನ್ನ ಕಾಗದಗಳಲ್ಲಿ ತುಂಬಿದ್ದವು. ಬದುವಿನ ಮೇಲೆ ನಿಂತರೆ ಕೇಳುತ್ತಿದ್ದುದು ನೇಗಿಲು, ಕುಂಟೆ, ಕೂರಿಗೆ, ಹರಗುವುದು, ಬಿತ್ತುವುದು. ಕಂದಾಯ ಎಣಿಸುವವರು ತಂದ ಮಾತು ಲೆಕ್ಕದಲ್ಲಿ ನೆಲೆಯಾಯಿತು, ದುಡಿಯುವವರ ಮಾತು ಹೊಲದಲ್ಲೇ ಉಳಿಯಿತು.

ಇದಕ್ಕೆ ಹೊರತಾದದ್ದು ‘ರೈತ’. ಅರಬ್ಬಿಯ ‘ರಇಯ್ಯ’ ಎಂದರೆ ಒಡೆಯ ಕಾಯುವ ಹಿಂಡು, ಆಳಿಸಿಕೊಳ್ಳುವ ಪ್ರಜೆ. ತೆರಿಗೆ ಕಟ್ಟುವವನೆಂದು ದಫ್ತರು ಕೊಟ್ಟ ಈ ಹೆಸರನ್ನು ಉಳುವವರು ತಮ್ಮದಾಗಿಸಿಕೊಂಡರು. 1980ರಲ್ಲಿ ಕರ್ನಾಟಕ ರಾಜ್ಯ ರೈತ ಸಂಘ ಹುಟ್ಟಿದಾಗ, ಅದೇ ಹೆಸರು ಹೊತ್ತು ಹಸಿರು ಶಾಲಿನವರು ಸರ್ಕಾರಕ್ಕೇ ಲೆಕ್ಕ ಕೇಳಿದರು. ಮಾತು ಎಲ್ಲಿಂದ ಬಂತು ಎಂಬುದಕ್ಕಿಂತ, ದುಡಿಯುವವರು ಅದರಿಂದ ಏನು ಮಾಡಿದರು ಎಂಬುದೇ ನನಗೆ ದೊಡ್ಡ ಚರಿತ್ರೆ.