ವಿದ್ಯುತ್ ಗಾಲಿಕುರ್ಚಿ ಉಪಾಂಗಗಳ ವಿಮೆ (ಅಮೆರಿಕ)

ಬ್ಯಾಟರಿಚಾಲಿತ ಗಾಲಿಕುರ್ಚಿಗೆ ಜೋಡಿಸುವ ಆಸನ, ನಿಯಂತ್ರಕ, ತಲೆಯಾನಿಕೆ ಮೊದಲಾದ ಭಾಗಗಳ ವೆಚ್ಚವನ್ನು ಭರಿಸುವ ವ್ಯವಸ್ಥೆ. ಅಮೆರಿಕ ಸಂಯುಕ್ತ ಸಂಸ್ಥಾನದಲ್ಲಿ ಇದು ಮುಖ್ಯವಾಗಿ 1965ರ ಕಾನೂನಿನಿಂದ ಹುಟ್ಟಿದ, ಮೆಡಿಕೇರ್ ಎಂಬ ಸರ್ಕಾರಿ ಆರೋಗ್ಯ ವಿಮೆಯ ‘ಬಿ’ ಭಾಗದಲ್ಲಿ, ಬಾಳಿಕೆಯ ವೈದ್ಯಕೀಯ ಸಾಧನಗಳ ವರ್ಗಕ್ಕೆ ಸೇರುತ್ತದೆ. ವಾರ್ಷಿಕ ಕಡಿತ ಮೊತ್ತ ತುಂಬಿದ ಬಳಿಕ ಅನುಮೋದಿತ ದರದ ಶೇ. 80ನ್ನು ಮೆಡಿಕೇರ್, ಉಳಿದ ಶೇ. 20ನ್ನು ಫಲಾನುಭವಿ ಅಥವಾ ಆತನ ಪೂರಕ ವಿಮೆ ಭರಿಸುತ್ತದೆ.

ಪ್ರತಿ ಉಪಾಂಗಕ್ಕೂ ಬಿಲ್ಲಿನಲ್ಲಿ ಬಳಸುವ ಎಚ್‌ಸಿಪಿಸಿಎಸ್ ಎಂಬ ಸಂಕೇತವಿದೆ. ಆಸನವನ್ನು ಹಿಂದಕ್ಕೆ ವಾಲಿಸುವ ವಿದ್ಯುತ್ ವ್ಯವಸ್ಥೆಯದು ಇ1002. ಕುರ್ಚಿ ಮಂಜೂರಾದ ಮಾತ್ರಕ್ಕೆ ಉಪಾಂಗಗಳು ಮಂಜೂರಾಗುವುದಿಲ್ಲ. ಒಂದೊಂದರ ವೈದ್ಯಕೀಯ ಅಗತ್ಯವೂ ದಾಖಲೆಯಲ್ಲಿರಬೇಕು. ವಾಲುವ ಆಸನಕ್ಕೆ, ಉದಾಹರಣೆಗೆ, ಒತ್ತಡದ ಹುಣ್ಣಿನ ಅಪಾಯವಿದ್ದು ರೋಗಿ ತಾನಾಗಿ ದೇಹಭಾರ ಬದಲಿಸಲಾರನೆಂಬುದು, ಇಲ್ಲವೇ ಅಂಥದೇ ಬೇರೊಂದು ಕಾರಣ ಸಿದ್ಧವಾಗಬೇಕು. ಭೌತಿಕ ಅಥವಾ ಔದ್ಯೋಗಿಕ ಚಿಕಿತ್ಸಕರಂಥ ತಜ್ಞರ ಮೌಲ್ಯಮಾಪನವೂ ಬೇಕು. ಷರತ್ತು ಪೂರೈಸಿದೆಯೆಂದು ಸೂಚಿಸಲು ಪೂರೈಕೆದಾರರು ಬಿಲ್ಲಿನಲ್ಲಿ ಕೆಎಕ್ಸ್ ಗುರುತು ಸೇರಿಸುತ್ತಾರೆ. ಬ್ಯಾಟರಿಗಳಾದರೆ ಒಮ್ಮೆಗೆ ಗರಿಷ್ಠ ಎರಡಕ್ಕೆ ಮಾತ್ರ ವಿಮೆ ಸಿಗುತ್ತದೆ.

ಅಗತ್ಯವನ್ನು ಮನೆಯೊಳಗಿನ ಓಡಾಟಕ್ಕೆ ಸೀಮಿತಗೊಳಿಸುವ ನಿಯಮ ಈ ವ್ಯವಸ್ಥೆಯ ಅತ್ಯಂತ ವಿವಾದಿತ ಅಂಶ. ಉದ್ಯೋಗ, ಶಿಕ್ಷಣ, ಹೊರಗಿನ ಬದುಕು ಅದರ ಲೆಕ್ಕಕ್ಕೆ ಬರುವುದಿಲ್ಲ. ಆಸನವನ್ನು ಮೇಲಕ್ಕೆತ್ತುವ ಸಾಧನ ದೀರ್ಘಕಾಲ ವಿಮೆಯಿಂದ ಹೊರಗಿತ್ತು. ಹಾಸಿಗೆಗೆ, ಶೌಚಾಸನಕ್ಕೆ ಸುರಕ್ಷಿತವಾಗಿ ಸರಿಯಲು ಮತ್ತು ಎತ್ತರದ ವಸ್ತು ಎಟುಕಿಸಿಕೊಳ್ಳಲು ಅದು ನೆರವಾಗುವುದನ್ನು ಪರಿಗಣಿಸಿ, 2023ರ ಮೇ ತಿಂಗಳಲ್ಲಿ ಮೆಡಿಕೇರ್ ಆಡಳಿತವು ಷರತ್ತುಬದ್ಧ ರಕ್ಷಣೆ ನೀಡಿತು. ಖಾಸಗಿ ವಿಮೆ ಮತ್ತು ರಾಜ್ಯಗಳ ಮೆಡಿಕೈಡ್ (ಕಡಿಮೆ ಆದಾಯದವರ ಸರ್ಕಾರಿ ವಿಮೆ) ನಿಯಮಗಳು ಬೇರೆ.