ಕೊರಳಿನ ಕಾವಲು: ಥೈರಾಯ್ಡ್ ಕ್ಯಾನ್ಸರ್ ತಪಾಸಣೆ ಸಾಗಿಬಂದ ದಾರಿ

ಶಸ್ತ್ರಚಿಕಿತ್ಸೆಯಿಂದ ಥೈರಾಯ್ಡ್ ಗ್ರಂಥಿಯನ್ನು ತೆಗೆದ ಮೇಲೂ ಕ್ಯಾನ್ಸರ್ ರೋಗಿಯನ್ನು ವರ್ಷಗಟ್ಟಲೆ ಗಮನಿಸುತ್ತಿರಬೇಕಾಗುವುದಕ್ಕೆ ಆ ರೋಗದ ಸ್ವಭಾವವೇ ಕಾರಣ. ಅದರ ಅತಿ ಸಾಮಾನ್ಯ ಬಗೆಯಾದ ಪ್ಯಾಪಿಲರಿ ಕ್ಯಾನ್ಸರ್ ನಿಧಾನವಾಗಿ ಬೆಳೆಯುತ್ತದೆ. ಮರುಕಳಿಸಿದರೆ ಬಹುಮಟ್ಟಿಗೆ ಕೊರಳಿನ ದುಗ್ಧಗ್ರಂಥಿಗಳಲ್ಲಿ, ಎಂದರೆ ಸೋಂಕನ್ನು ಎದುರಿಸುವ ಸಣ್ಣ ಗ್ರಂಥಿಗಳಲ್ಲಿ, ಕಾಣಿಸಿಕೊಳ್ಳುತ್ತದೆ.

1946ರಲ್ಲಿ ಸ್ಯಾಮ್ಯುಯಲ್ ಸೈಡ್ಲಿನ್ ಮತ್ತು ಸಂಗಡಿಗರು ನ್ಯೂಯಾರ್ಕಿನಲ್ಲಿ ವಿಕಿರಣಶೀಲ ಅಯೋಡಿನ್ ಚಿಕಿತ್ಸೆಯ ಫಲಿತಾಂಶವನ್ನು ಪ್ರಕಟಿಸಿದ ನಂತರ ಹಲವು ದಶಕಗಳ ಕಾಲ ಈ ನಿಗಾ ಅಯೋಡಿನ್ನನ್ನೇ ಅವಲಂಬಿಸಿತ್ತು. ರೋಗಿಯು ತೆಗೆದ ಗ್ರಂಥಿಗೆ ಬದಲಾಗಿ ಸೇವಿಸುವ ಹಾರ್ಮೋನ್ ಮಾತ್ರೆಯನ್ನು ವಾರಗಟ್ಟಲೆ ನಿಲ್ಲಿಸಿ, ಅದರಿಂದಾಗುವ ಆಯಾಸವನ್ನು ಸಹಿಸಿ, ವಿಕಿರಣಶೀಲ ಅಯೋಡಿನ್ ಸೇವಿಸಿ, ಇಡೀ ದೇಹದ ಸ್ಕ್ಯಾನಿಗೆ ಒಳಗಾಗಬೇಕಿತ್ತು. ಭಾರತದಲ್ಲಿ ಇಂಥ ಸೌಲಭ್ಯವು 1963ರಲ್ಲಿ ಮುಂಬಯಿಯಲ್ಲಿ ಆರಂಭವಾದ ವಿಕಿರಣ ವೈದ್ಯಕೀಯ ಕೇಂದ್ರದಂಥ ಕೆಲವೇ ಸಂಸ್ಥೆಗಳಿಗೆ ಸೀಮಿತವಾಗಿತ್ತು.

ಈ ನಿಗಾದ ರೀತಿಯನ್ನು ಬದಲಿಸಿದ್ದು ಕಿವಿಗೆ ಕೇಳದ ಧ್ವನಿಯ ಪ್ರತಿಧ್ವನಿಯಿಂದ ಚಿತ್ರ ಮೂಡಿಸುವ ಅಲ್ಟ್ರಾಸೌಂಡ್. ಅದನ್ನು 1958ರಲ್ಲಿ ಗ್ಲಾಸ್ಗೋದ ಇಯಾನ್ ಡೊನಾಲ್ಡ್ ಹೊಟ್ಟೆಯ ಗಡ್ಡೆಗಳ ಪತ್ತೆಗೆ ಬಳಸಿದರೆ, 1967ರಲ್ಲಿ ಜಪಾನಿನ ಫುಜಿಮೊಟೊ ಮತ್ತು ಸಹೋದ್ಯೋಗಿಗಳು ಅದನ್ನು ಥೈರಾಯ್ಡಿಗೆ ತಂದರು. ಧ್ವನಿಯ ಆವರ್ತನ ಹೆಚ್ಚಿದಷ್ಟೂ ಅದು ತಲುಪುವ ಆಳ ಕುಗ್ಗಿ ಚಿತ್ರದ ಸೂಕ್ಷ್ಮತೆ ಹೆಚ್ಚುವುದರಿಂದ, ಚರ್ಮಕ್ಕೆ ಸಮೀಪವಿರುವ ಕೊರಳಿನ ಗ್ರಂಥಿಗಳಿಗೆ ಈ ತಂತ್ರ ವಿಶೇಷವಾಗಿ ಒಗ್ಗಿತು. ಥೈರಾಯ್ಡ್ ಕೋಶಗಳು ಮಾತ್ರ ತಯಾರಿಸುವ ಥೈರೋಗ್ಲೋಬ್ಯುಲಿನ್ ಎಂಬ ಪ್ರೋಟೀನಿನ ರಕ್ತಪರೀಕ್ಷೆಯೂ ಇದರ ಜೊತೆಗೂಡಿತು. 2006ರಲ್ಲಿ ಅಮೆರಿಕದ ಥೈರಾಯ್ಡ್ ಸಂಘವು ಶಸ್ತ್ರಚಿಕಿತ್ಸೆಯ ನಂತರ 6 ಮತ್ತು 12 ತಿಂಗಳಿಗೆ ಕೊರಳಿನ ಅಲ್ಟ್ರಾಸೌಂಡ್ ಮಾಡಿಸಬೇಕೆಂದು ಸೂಚಿಸಿತು.

ಇಂಥ ಪರೀಕ್ಷೆ ಕರ್ನಾಟಕದ ಗಡಿಭಾಗದ ರೋಗಿಗಳಿಗೆ ಎಲ್ಲಿ ಸಿಗುತ್ತಿತ್ತು ಎಂಬುದಕ್ಕೆ ಹೈದರಾಬಾದ್ ಒಂದು ಉದಾಹರಣೆ. ಆ ನಗರದ ಪಶ್ಚಿಮದ ಅಂಚಿನ ಹಳ್ಳಿಯಾಗಿದ್ದ ಮಾದಾಪುರದಲ್ಲಿ 1998ರಲ್ಲಿ ಸೈಬರ್ ಟವರ್ಸ್ ಉದ್ಘಾಟನೆಯಾದ ನಂತರ ಐಟಿ ಕಚೇರಿಗಳ ಬೆನ್ನಿಗೇ ಖಾಸಗಿ ಆಸ್ಪತ್ರೆಗಳೂ ಸ್ಕ್ಯಾನಿಂಗ್ ಕೇಂದ್ರಗಳೂ ನೆಲೆಯೂರಿದವು. 1956ರವರೆಗೆ ಹೈದರಾಬಾದ್ ರಾಜ್ಯದಲ್ಲಿದ್ದ ಬೀದರ್, ಕಲಬುರಗಿ, ರಾಯಚೂರುಗಳ ಕನ್ನಡಿಗರು ರಾಜ್ಯದ ಗಡಿ ಬದಲಾದರೂ ಚಿಕಿತ್ಸೆಗೆ ಆ ನಗರದ ದಾರಿ ಹಿಡಿಯುವುದನ್ನು ಬಿಡಲಿಲ್ಲ. 1994ರ ಲಿಂಗಪತ್ತೆ ತಡೆ ಕಾಯ್ದೆ ಸ್ಕ್ಯಾನಿಂಗ್ ಯಂತ್ರಗಳನ್ನು ನೋಂದಣಿಯ ಕಟ್ಟಳೆಗೆ ಒಳಪಡಿಸಿದ್ದರಿಂದ, ಕೊರಳು ತೋರಿಸಲು ಹೋದವರ ಎದುರಿಗೂ ಭ್ರೂಣಲಿಂಗ ತಿಳಿಸುವುದಿಲ್ಲವೆಂಬ ಫಲಕವೇ ಇರುತ್ತದೆ.

ಅಯೋಡಿನ್ ಸ್ಕ್ಯಾನ್ ರೋಗಿಯನ್ನು ದೂರದ ಕೇಂದ್ರಕ್ಕೆ ಕರೆಸುತ್ತಿತ್ತು. ಅಲ್ಟ್ರಾಸೌಂಡ್ ನಿಗಾವನ್ನು ಜಿಲ್ಲಾ ಕೇಂದ್ರದವರೆಗೂ ತಂದಿತಾದರೂ ಫಲಿತಾಂಶದ ಭಾರವನ್ನು ಯಂತ್ರದಿಂದ ತಜ್ಞರ ಕೈಗೂ ಕಣ್ಣಿಗೂ ದಾಟಿಸಿತು. ದುಗ್ಧಗ್ರಂಥಿ ದುಂಡಗಾಗಿದೆಯೇ, ಅದರ ನಡುವಿನ ಕೊಬ್ಬಿನ ಗೆರೆ ಅಳಿಸಿದೆಯೇ, ಒಳಗೆ ಸುಣ್ಣದ ಕಣಗಳಿವೆಯೇ ಎಂಬುದನ್ನು ಅವರೇ ನಿರ್ಣಯಿಸಬೇಕು. ಯಂತ್ರ ಸೂಕ್ಷ್ಮವಾದಂತೆ ಅಪಾಯವಿಲ್ಲದ ಗಂಟುಗಳೂ ಕಾಣತೊಡಗಿದ್ದರಿಂದ, ಅನುಮಾನಾಸ್ಪದ ಗ್ರಂಥಿಯ ಕಿರಿಯ ಅಡ್ಡಳತೆ 8–10 ಮಿಲಿಮೀಟರ್ ಮುಟ್ಟುವವರೆಗೆ ಸೂಜಿ ಪರೀಕ್ಷೆ ಮಾಡದೆ ಕಾಯಬಹುದೆಂದು ಅಮೆರಿಕದ ಥೈರಾಯ್ಡ್ ಸಂಘದ 2015ರ ಮಾರ್ಗಸೂಚಿ ಹೇಳಿತು. ಹೀಗೆ ಕಾಯುವುದು ಹಿಂದಿನ ಅಳತೆಯೊಡನೆ ಹೋಲಿಸಲು ಸಾಧ್ಯವಿದ್ದಾಗ ಮಾತ್ರ ಸುರಕ್ಷಿತ. ಆದ್ದರಿಂದ ಮಾದಾಪುರದಲ್ಲಿ ಶಸ್ತ್ರಚಿಕಿತ್ಸೆಯಾಗಿ ಬೀದರಿನಲ್ಲಿ ಸ್ಕ್ಯಾನ್ ಮಾಡಿಸುವ ರೋಗಿಗೆ ಹಳೆಯ ವರದಿಗಳ ಕಡತವೂ ಚಿಕಿತ್ಸೆಯ ಒಂದು ಭಾಗವೇ ಆಗಿದೆ.