ಎತ್ನೊಮ್ಯಾಥಮೆಟಿಕ್ಸ್

ಒಂದು ಸಮುದಾಯ ಎಣಿಸುವ, ಅಳೆಯುವ, ವಿನ್ಯಾಸ ರಚಿಸುವ ಬಗೆಗಳಲ್ಲಿ ಅಡಗಿರುವ ಗಣಿತಕ್ಕೂ ಅದರ ಅಧ್ಯಯನಕ್ಕೂ ಇದೇ ಹೆಸರು. ಪದವನ್ನು ಬಳಕೆಗೆ ತಂದವರು ಬ್ರೆಜಿಲ್‌ನ ಗಣಿತಜ್ಞ ಉಬಿರಾಟನ್ ಡಿ’ಆಂಬ್ರೋಸಿಯೊ (1932–2021). ಗ್ರೀಕ್‌ನ ‘ಎತ್ನೊ’ ಅವರ ಬಳಕೆಯಲ್ಲಿ ಬುಡಕಟ್ಟು, ಜನಾಂಗಗಳಿಗೆ ಸೀಮಿತವಲ್ಲ. ಬಡಗಿಗಳು, ಒಂದೇ ವಯಸ್ಸಿನ ಮಕ್ಕಳು ಕೂಡ ಅದರೊಳಗೆ ಬರುತ್ತಾರೆ. ಹಾಗಾಗಿ ಕನ್ನಡದಲ್ಲಿ ‘ಜನಾಂಗೀಯ ಗಣಿತ’ ಎಂದರೆ ಅರ್ಥ ಕಿರಿದಾಗುತ್ತದೆ. ‘ಮಥೆಮ’ ಎಂದರೆ ಅರಿವು, ಕಲಿಕೆ. ಕೊನೆಯ ‘ಟಿಕ್ಸ್’ ಅನ್ನು ಅವರು ಕಲೆ, ಕೌಶಲ ಎಂಬರ್ಥದ ‘ಟೆಕ್ನೆ’ಗೆ ಹೊಂದಿಸಿದರು. ಅದು ನಿರುಕ್ತಿಯಲ್ಲ, ಅವರದೇ ವ್ಯಾಖ್ಯಾನ.

1985ರ ಅವರ ಲೇಖನದ ನಂತರ ಪದ ಶಿಕ್ಷಣ ವಲಯದಲ್ಲಿ ಹರಡಿತು. ಮೊಜಾಂಬಿಕ್‌ನಲ್ಲಿ ಪೌಲಸ್ ಗೆರ್ಡೆಸ್ ಬುಟ್ಟಿ ಹೆಣಿಗೆಯನ್ನೂ ಅಂಗೋಲಾದ ಚೋಕ್ವೆ ಜನರ ‘ಸೋನಾ’ ಚಿತ್ರಗಳನ್ನೂ ಪಾಠಕ್ಕೆ ತಂದರು. ಸೋನಾದಲ್ಲಿ ಮರಳಿನ ಮೇಲೆ ಚುಕ್ಕಿಯಿಟ್ಟು ಸುತ್ತ ಬೆರಳಿನಿಂದ ಗೆರೆ ಎಳೆಯುತ್ತಾರೆ, ನಮ್ಮ ಚುಕ್ಕಿ ರಂಗೋಲಿಯ ಹಾಗೆ. ಚಾಪೆ ಹೆಣಿಗೆಯಂಥ ಆಯತ ವಿನ್ಯಾಸ ಮುಗಿಯಲು ಬೇಕಾಗುವ ಗೆರೆಗಳ ಸಂಖ್ಯೆ, ಅಡ್ಡಸಾಲು ಮತ್ತು ಕಂಬಸಾಲುಗಳ ಸಂಖ್ಯೆಗಳ ಮಹತ್ತಮ ಸಾಮಾನ್ಯ ಅಪವರ್ತನ: 4 ಮತ್ತು 6ಕ್ಕೆ ಎರಡು ಗೆರೆ, 4 ಮತ್ತು 5ಕ್ಕೆ ಒಂದೇ. ಇಂಥ ಚಿತ್ರಗಳು ತರಗತಿಯ ಗೋಡೆಯ ಅಲಂಕಾರವಾಗಿ ಉಳಿಯಬಾರದು. ಮಕ್ಕಳೇ ಬರೆದು, ಎಣಿಸಿ, ನಿಯಮ ಕಂಡುಕೊಳ್ಳಬೇಕು.